ಪಿಕಪ್ ಟ್ರಕ್ ನಿಜವಾಗಿ ಎಷ್ಟು ಮೈಲೇಜ್ ಕೊಡುತ್ತದೆ?

9ರಿಂದ 22. ಗ್ಯಾಲನ್‌ಗೆ ಇಷ್ಟು ಮೈಲಿ. ಹಲವು ಟ್ರಕ್‌ಗಳನ್ನು ಸೇರಿಸಿ ಹೇಳಿದ ಲೆಕ್ಕ ಅಲ್ಲ ಇದು, ನನ್ನ ಒಂದೇ ಟ್ರಕ್ ಬೇರೆ ಬೇರೆ ದಿನ ಕೊಟ್ಟಿರುವ ಮೈಲೇಜ್. ಫೋರ್ಡ್ ಎಫ್-150, 5.0 ಲೀಟರ್ ವಿ8 (ಎಂಟು ಸಿಲಿಂಡರ್) ಇಂಜಿನ್, ಫೋರ್ ವೀಲ್ ಡ್ರೈವ್, ನಾಲ್ಕು ಬಾಗಿಲು. ಕೊಂಡಾಗ ಕಿಟಕಿ ಗಾಜಿನ ಮೇಲಿದ್ದ ಸ್ಟಿಕರ್ ಪ್ರಕಾರ ಸಿಟಿಯಲ್ಲಿ 16, ಹೈವೇಯಲ್ಲಿ 22. ಹಾಗಾಗಿ ಯಾರಾದರೂ "ಎಷ್ಟು ಕೊಡುತ್ತೆ?" ಅಂತ ಕೇಳಿದರೆ ನಾನು ತಿರುಗಿ "ಎಷ್ಟು ಸ್ಪೀಡಲ್ಲಿ ಓಡಿಸ್ತೀರಾ? ಹಿಂದೆ ಏನಾದ್ರೂ ಕಟ್ಟಿಕೊಂಡು ಹೋಗ್ತೀರಾ?" ಅಂತ ಕೇಳುತ್ತೇನೆ. ಉತ್ತರ ತಪ್ಪಿಸಿಕೊಳ್ಳುವುದಕ್ಕಲ್ಲ. ಈ ಎರಡು ಗೊತ್ತಿಲ್ಲದೆ ಹೇಳುವ ನಂಬರ್‌ಗೆ ಬೆಲೆಯೇ ಇಲ್ಲ.

ಲೀಟರ್, ಕಿಲೋಮೀಟರ್ ಲೆಕ್ಕದಲ್ಲಿ ಯೋಚಿಸುವವರಿಗೆ ಒಂದು ಸುಲಭ ದಾರಿ: ಎಂಪಿಜಿಯನ್ನು, ಅಂದರೆ ಗ್ಯಾಲನ್‌ಗೆ ಎಷ್ಟು ಮೈಲಿ ಅನ್ನುವ ನಂಬರನ್ನು, 0.425ರಿಂದ ಗುಣಿಸಿ. 20 ಎಂಪಿಜಿ ಅಂದರೆ ಲೀಟರ್‌ಗೆ 8.5 ಕಿಲೋಮೀಟರ್. 9 ಅಂದರೆ 4ಕ್ಕಿಂತ ಕಡಿಮೆ. ಹೌದು, ಅಷ್ಟೇ.

ಮೊದಲು ಆ ಸ್ಟಿಕರ್ ಬಗ್ಗೆ ಹೇಳಿಬಿಡುತ್ತೇನೆ, ಯಾಕಂದರೆ ಟ್ರಕ್ ಇಟ್ಟುಕೊಂಡವರೆಲ್ಲ ಬಯ್ಯುವುದು ಅದನ್ನೇ. ಅಮೆರಿಕ ಸರ್ಕಾರದ ಪರಿಸರ ಸಂಸ್ಥೆ ಇಪಿಎ ಹೇಳಿದ ರೀತಿಯಲ್ಲಿ ಟೆಸ್ಟ್ ಮಾಡಿ ಬಂದ ನಂಬರ್ ಅದು. ಬಹುಪಾಲು ಟೆಸ್ಟ್‌ಗಳನ್ನು ಕಂಪನಿಗಳೇ ತಮ್ಮ ಲ್ಯಾಬ್‌ನಲ್ಲಿ ಮಾಡುತ್ತವೆ, ಕೆಲವನ್ನು ಇಪಿಎ ಮಿಶಿಗನ್‌ನ ಆನ್ ಆರ್ಬರ್‌ನಲ್ಲಿರುವ ತನ್ನ ಲ್ಯಾಬ್‌ನಲ್ಲಿ ಮತ್ತೆ ಮಾಡಿ ನೋಡುತ್ತದೆ. ಗಾಡಿ ರಸ್ತೆಗೆ ಇಳಿಯುವುದಿಲ್ಲ. ರೋಲರ್ ಮೇಲೆ ನಿಂತಲ್ಲೇ ಚಕ್ರ ತಿರುಗುತ್ತದೆ. ಗಾಳಿಯ ತಡೆ, ಟೈರ್‌ನ ಎಳೆತ ಎಲ್ಲವನ್ನೂ ಆ ರೋಲರ್‌ಗೆ ಮೊದಲೇ ತುಂಬಿರುತ್ತಾರೆ. ಹೈವೇ ಟೆಸ್ಟ್ ಅಂತ ಕರೆಯುವ ಹಳೆಯ ಟೆಸ್ಟ್‌ನಲ್ಲಿ ಸರಾಸರಿ ವೇಗ ಗಂಟೆಗೆ 48 ಮೈಲಿ, ಅತಿ ಹೆಚ್ಚು ಅಂದರೆ 60. ಅಮೆರಿಕದ ಯಾವ ಇಂಟರ್‌ಸ್ಟೇಟ್ ಹೈವೇಯಲ್ಲಿ ಪಿಕಪ್‌ಗಳು 48ರಲ್ಲಿ ಹೋಗುತ್ತವೆ, ನೀವೇ ಹೇಳಿ.

ಇದು ಸಾಲದು ಅಂತ ಗೊತ್ತಾಗಿಯೇ 2008ರ ಮಾಡೆಲ್‌ಗಳಿಂದ ಲೆಕ್ಕ ಬದಲಾಯಿಸಿದರು. ಈಗ 80 ಮೈಲಿ ತನಕ ಹೋಗುವ, ಜೋರಾಗಿ ಆಕ್ಸಿಲರೇಟರ್ ಒತ್ತುವ ಒಂದು ಟೆಸ್ಟ್, 95 ಡಿಗ್ರಿ ಫ್ಯಾರನ್‌ಹೀಟ್ ಬಿಸಿಯಲ್ಲಿ ಎಸಿ ಹಾಕಿ ಒಂದು, 20 ಡಿಗ್ರಿ ಚಳಿಯಲ್ಲಿ ಒಂದು, ಹೀಗೆ ಒಟ್ಟು ಐದು ಟೆಸ್ಟ್‌ಗಳ ಲೆಕ್ಕದಿಂದ ಸ್ಟಿಕರ್‌ನ ನಂಬರ್ ಬರುತ್ತದೆ. ಆದ್ದರಿಂದ ಸ್ಟಿಕರ್ ಸುಳ್ಳು ಅಂತ ನಾನು ಹೇಳುವುದಿಲ್ಲ. ಅದು ಗಾಡಿಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡೋಕೆ ಇರುವುದು. ನಿಮ್ಮ ರಸ್ತೆ, ನಿಮ್ಮ ಕಾಲು, ನಿಮ್ಮ ಊರಿನ ಚಳಿ ಅದಕ್ಕೆ ಗೊತ್ತಿಲ್ಲ.

ಪಿಕಪ್ ವಿಷಯದಲ್ಲಿ ಇನ್ನೂ ಒಂದು ತೊಡಕು ಇದೆ. ಕಾರ್ ಅಂದರೆ ಸಾಮಾನ್ಯವಾಗಿ ಒಂದೇ ಆಕಾರ. ಪಿಕಪ್ ಹಾಗಲ್ಲ. ಒಂದೇ ಹೆಸರಿನ ಟ್ರಕ್‌ಗೆ ಮೂರು ಬಗೆಯ ಕ್ಯಾಬ್, ಉದ್ದ ಗಿಡ್ಡ ಬೆಡ್ (ಹಿಂದೆ ಸಾಮಾನು ಹಾಕುವ ತೊಟ್ಟಿ), ನಾಲ್ಕಾರು ಇಂಜಿನ್, ಬೇರೆ ಬೇರೆ ಆಕ್ಸಲ್ ರೇಶಿಯೋ (ಚಕ್ರ ಒಂದು ಸುತ್ತು ತಿರುಗೋಕೆ ಅದನ್ನು ತಿರುಗಿಸುವ ಶಾಫ್ಟ್ ಎಷ್ಟು ಸುತ್ತಬೇಕು ಅನ್ನುವ ಲೆಕ್ಕ). ಇವನ್ನೆಲ್ಲ ಒಂದೊಂದಾಗಿ ಟೆಸ್ಟ್ ಮಾಡೋಕೆ ಆಗುತ್ತದಾ? ಆಗಲ್ಲ. ಇಂಜಿನ್, ಗೇರ್‌ಬಾಕ್ಸ್, ಟೂ ವೀಲ್ ಅಥವಾ ಫೋರ್ ವೀಲ್ ಅಂತ ಗುಂಪು ಮಾಡಿ, ಗುಂಪಿಗೆ ಒಂದು ನಂಬರ್ ಕೊಡುತ್ತಾರೆ. 3.15 ಆಕ್ಸಲ್ ಇರುವ ಹಗುರ ಟ್ರಕ್‌ಗೂ, 3.73 ಆಕ್ಸಲ್ ಹಾಕಿಸಿಕೊಂಡು ಮೇಲೆ ಸನ್‌ರೂಫ್, ಕೆಳಗೆ ದೊಡ್ಡ ಚಕ್ರ ಎಲ್ಲ ಇರುವ ಭಾರದ ಟ್ರಕ್‌ಗೂ ಎಷ್ಟೋ ಸಲ ಒಂದೇ ಸ್ಟಿಕರ್. ಡೀಲರ್ ಹತ್ತಿರ ಸ್ಟಾಕ್‌ನಲ್ಲಿ ಇರುವುದು ಯಾವಾಗಲೂ ಎರಡನೆಯ ಬಗೆ.

ಈಗ ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡ ವಿಷಯ. ಜನ ಇಂಜಿನ್ ಬಗ್ಗೆ ಗಂಟೆಗಟ್ಟಲೆ ಜಗಳ ಆಡುತ್ತಾರೆ. ವಿ8 ಒಳ್ಳೆಯದಾ, ಟರ್ಬೊ ವಿ6 ಒಳ್ಳೆಯದಾ, ಯಾರ ಗೇರ್‌ಬಾಕ್ಸ್ ಚೆನ್ನಾಗಿದೆ ಅಂತ. ಆದರೆ ಹೈವೇಯಲ್ಲಿ ಪಿಕಪ್‌ನ ಪೆಟ್ರೋಲ್ ಕುಡಿಯುವುದು ಗಾಳಿ. ಎತ್ತರದ ಮೂತಿ, ನೇರ ನಿಂತ ಗ್ರಿಲ್, ನೆಲದಿಂದ ಮೇಲೆದ್ದ ಹೊಟ್ಟೆ, ಕ್ಯಾಬ್ ಹಿಂದೆ ದಿಢೀರ್ ಅಂತ ಮುಗಿದುಹೋಗುವ ಆಕಾರ. ಒಂದು ಗೋದ್ರೆಜ್ ಬೀರುವನ್ನು ಎದುರುಗಾಳಿಯಲ್ಲಿ ತಳ್ಳಿಕೊಂಡು ಹೋದ ಹಾಗೆ. ಗಾಳಿಯ ತಡೆ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ. 65ರಿಂದ 75ಕ್ಕೆ ಹೋದರೆ ನೀವು ಜಾಸ್ತಿ ಮಾಡಿದ್ದು ಬರೀ 10 ಮೈಲಿ, ಗಾಳಿಯ ತಡೆ ಏರಿದ್ದು ಶೇ. 33. 60ರಿಂದ 80ಕ್ಕೆ ಹೋದರೆ ಶೇ. 78. ಪೂರ್ತಿ ಅಷ್ಟೇ ಪ್ರಮಾಣದಲ್ಲಿ ಪೆಟ್ರೋಲ್ ಏರುವುದಿಲ್ಲ ಅನ್ನಿ, ಟೈರ್‌ಗೆ, ಇಂಜಿನ್ ಒಳಗಿನ ಉಜ್ಜಾಟಕ್ಕೆ ಹೋಗುವ ಪಾಲು ಬೇರೆ ಇರುತ್ತದೆ. ಆದರೂ ನನ್ನ ಟ್ರಕ್‌ನಲ್ಲಿ 65ಕ್ಕೆ ಕ್ರೂಸ್ ಕಂಟ್ರೋಲ್ (ವೇಗ ತಾನೇ ಹಿಡಿದಿಡುವ ವ್ಯವಸ್ಥೆ) ಹಾಕಿ ಸಪಾಟು ರಸ್ತೆಯಲ್ಲಿ ಕೂತರೆ 21, 22 ಆರಾಮಾಗಿ ಬರುತ್ತದೆ. ಅದೇ ರಸ್ತೆಯಲ್ಲಿ 80ಕ್ಕೆ ಹಾಕಿದರೆ 16, 17. ಇಂಜಿನ್ ಬದಲಾಗಿಲ್ಲ, ಡ್ರೈವರ್ ಬದಲಾಗಿಲ್ಲ, ಬಲಗಾಲಿನ ಹೆಬ್ಬೆರಳು ಮಾತ್ರ ಸ್ವಲ್ಪ ಕೆಳಗೆ ಹೋಗಿದೆ.

ಪಶ್ಚಿಮದ ಕೆಲವು ರಾಜ್ಯಗಳ ಹೈವೇಗಳಲ್ಲಿ 80 ಮೈಲಿ ಕಾನೂನುಬದ್ಧ ವೇಗ. ವಯೋಮಿಂಗ್, ಮೊಂಟಾನಾ, ಯೂಟಾ, ಎಲ್ಲ ಕಡೆ ಬೋರ್ಡ್ ಹಾಕಿದ್ದಾರೆ. ಟೆಕ್ಸಾಸ್‌ನ ಒಂದು ಟೋಲ್ ರಸ್ತೆಯಲ್ಲಿ 85 ಇದೆ. ಅಲ್ಲಿ ಓಡಿಸುವವನೂ, 55 ಮೈಲಿಯ ಹಳ್ಳಿ ರಸ್ತೆಯಲ್ಲಿ ಕೆಲಸಕ್ಕೆ ಹೋಗುವವನೂ ಒಂದೇ ಟ್ರಕ್ ಬಗ್ಗೆ ಜಗಳ ಆಡಿದರೆ ಇಬ್ಬರೂ ಸರಿ.

ಮತ್ತೆ ಎದುರುಗಾಳಿ. ಇದನ್ನು ಜನ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. 70ರಲ್ಲಿ ಹೋಗುವಾಗ ಎದುರಿಂದ 15 ಮೈಲಿ ವೇಗದ ಗಾಳಿ ಬಂದರೆ ಟ್ರಕ್ ಪಾಲಿಗೆ ಅದು 85. ತಡೆ ಶೇ. 47 ಜಾಸ್ತಿ. ಅದೇ ಗಾಳಿ ಹಿಂದಿನಿಂದ ಬಂದರೆ 55ರಲ್ಲಿ ಹೋದ ಲೆಕ್ಕ. ಇಂಟರ್‌ಸ್ಟೇಟ್ 80 ಅನ್ನುವ ಹೈವೇಯಲ್ಲಿ ವಯೋಮಿಂಗ್ ದಾಟುವಾಗ ಇದು ಚೆನ್ನಾಗಿ ಗೊತ್ತಾಗುತ್ತದೆ. ಅಲ್ಲಿ ಗಾಳಿ ಹೆಚ್ಚಾಗಿ ಪಶ್ಚಿಮದಿಂದ ಬೀಸುತ್ತದೆ. ಪಶ್ಚಿಮಕ್ಕೆ ಹೋಗುವಾಗ ಪೆಟ್ರೋಲ್ ಮುಳ್ಳು ಕಣ್ಣೆದುರೇ ಇಳಿಯುತ್ತದೆ, ವಾಪಸ್ ಬರುವಾಗ ಅದೇ ಟ್ರಕ್ ಬಂಗಾರದಂಥ ಮೈಲೇಜ್ ಕೊಡುತ್ತದೆ. ಜೊತೆಗೆ ಅಲ್ಲಿ ಎತ್ತರ ಬೇರೆ ಜಾಸ್ತಿ, 6,000 ಅಡಿ ಮೇಲೆ ಗಾಳಿ ಸಮುದ್ರ ಮಟ್ಟಕ್ಕಿಂತ ಶೇ. 16ರಷ್ಟು ತೆಳು, ಅದು ಸ್ವಲ್ಪ ಸಹಾಯ ಮಾಡುತ್ತದೆ. ಹಾಗಾಗಿ ಯಾರಾದರೂ ಒಂದೇ ದಿಕ್ಕಿನ ಪ್ರಯಾಣದ ಮೈಲೇಜ್ ಹೇಳಿ ಬೀಗಿದರೆ ನಾನು ಸುಮ್ನೆ ನಕ್ಕು ತಲೆ ಆಡಿಸುತ್ತೇನೆ.

ಟೇಲ್‌ಗೇಟ್, ಅಂದರೆ ಬೆಡ್‌ನ ಹಿಂದಿನ ಬಾಗಿಲು, ಇಳಿಸಿಕೊಂಡು ಹೋದರೆ ಮೈಲೇಜ್ ಜಾಸ್ತಿ ಅನ್ನೋದು ಹಳೆಯ ನಂಬಿಕೆ. ಇಲ್ಲ. ಟೇಲ್‌ಗೇಟ್ ಮುಚ್ಚಿದ್ದಾಗ ಬೆಡ್ ಒಳಗೆ ಗಾಳಿಯ ಒಂದು ಸುಳಿ ನಿಂತುಬಿಡುತ್ತದೆ, ಮೇಲಿನ ಗಾಳಿ ಅದರ ಮೇಲೆ ಜಾರಿಕೊಂಡು ಹೋಗುತ್ತದೆ. ಇಳಿಸಿದರೆ ಆ ಸುಳಿ ಮುರಿಯುತ್ತದೆ. ಬೆಡ್ ಮೇಲೆ ಕವರ್ ಹಾಕಿದರೆ ಚೂರು ಲಾಭ ಇದೆ, ಆದರೆ ಕವರ್‌ಗೆ ಕೊಟ್ಟ ದುಡ್ಡು ಪೆಟ್ರೋಲ್‌ನಲ್ಲೇ ವಾಪಸ್ ಬರಲಿ ಅಂತ ಕಾಯಬೇಡಿ. ಮಳೆಗೆ ಸಾಮಾನು ನೆನೆಯದಿರಲಿ ಅಂತ ಹಾಕಿಸಿ.

ಟೈರ್ ಕಥೆ ಇದಕ್ಕಿಂತ ತಮಾಷೆ. ಟ್ರಕ್ ಕೊಂಡ ತಕ್ಷಣ ಅರ್ಧ ಜನ ಮಾಡುವ ಮೊದಲ ಕೆಲಸ ಅಂದರೆ ಲಿಫ್ಟ್ ಕಿಟ್ ಹಾಕಿಸಿ ಎತ್ತರ ಮಾಡುವುದು, ದಪ್ಪ ಹಲ್ಲಿನ ಆಲ್ ಟೆರೇನ್ ಟೈರ್ ಹಾಕಿಸುವುದು. ಟೈರ್ ಭಾರ ಜಾಸ್ತಿ, ಉರುಳೋಕೆ ಶಕ್ತಿ ಜಾಸ್ತಿ, ಹೊಟ್ಟೆ ಕೆಳಗೆ ನುಗ್ಗುವ ಗಾಳಿ ಜಾಸ್ತಿ. ಮೈಲೇಜ್ ಇಳಿಯುತ್ತದೆ, ಅದು ಸರಿ. ಆದರೆ ಅದರ ಒಂದು ಪಾಲು ಬರೀ ಲೆಕ್ಕದ ಮೋಸ. 32 ಇಂಚಿನ ಟೈರ್ ತೆಗೆದು 34 ಇಂಚಿನದು ಹಾಕಿದರೆ ಚಕ್ರ ಒಂದು ಸುತ್ತಿಗೆ ಶೇ. 6ರಷ್ಟು ಜಾಸ್ತಿ ದೂರ ಹೋಗುತ್ತದೆ, ಮೀಟರ್‌ಗೆ ಅದು ಗೊತ್ತಿಲ್ಲ. ಮೀಟರ್ 300 ಮೈಲಿ ತೋರಿಸುವಾಗ ನೀವು ನಿಜವಾಗಿ ಬಂದಿರುವುದು ಸುಮಾರು 319. 18 ಗ್ಯಾಲನ್ ಹಿಡಿಸಿತು ಅಂದುಕೊಳ್ಳಿ, 16.7 ಅಂತ ಲೆಕ್ಕ ಹಾಕಿ ಕೊರಗುತ್ತೀರಿ, ನಿಜ 17.7. ಟೈರ್ ಬದಲಿಸಿದವರು ಮೀಟರನ್ನು ಹೊಸ ಅಳತೆಗೆ ಸರಿ ಮಾಡಿಸಬೇಕು. ಇಲ್ಲವಾದರೆ ಸ್ಪೀಡೋಮೀಟರ್ ಕೂಡ ಕಡಿಮೆ ತೋರಿಸುತ್ತದೆ, ಅದು ಪೊಲೀಸಿನವರ ಮುಂದೆ ನಡೆಯುವ ಮಾತಲ್ಲ.

ಚಳಿಗಾಲದ ಬಗ್ಗೆ. ಸರ್ಕಾರದ್ದೇ ಲೆಕ್ಕದ ಪ್ರಕಾರ 77 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ ಬರುವ ಸಿಟಿ ಮೈಲೇಜ್ 20 ಡಿಗ್ರಿಯಲ್ಲಿ ಶೇ. 15ರಷ್ಟು ಇಳಿಯುತ್ತದೆ, ಮೂರು ನಾಲ್ಕು ಮೈಲಿಯ ಸಣ್ಣ ಓಡಾಟ ಆದರೆ ಶೇ. 24ರ ತನಕ ಇಳಿಯಬಹುದು. ಪಿಕಪ್‌ನಲ್ಲಿ ಇಂಜಿನ್ ದೊಡ್ಡದು, ಆಯಿಲ್ ಜಾಸ್ತಿ, ಕೂಲೆಂಟ್ ಜಾಸ್ತಿ, ಎಲ್ಲ ಬಿಸಿಯಾಗುವ ಹೊತ್ತಿಗೆ ಅಂಗಡಿ ಬಂದಿರುತ್ತದೆ. ಇದರ ಮೇಲೆ ರಿಮೋಟ್ ಸ್ಟಾರ್ಟ್. ಮನೆ ಒಳಗೆ ಕಾಫಿ ಕುಡಿಯುತ್ತಾ ಬಟನ್ ಒತ್ತಿ, ಹೊರಗೆ ಟ್ರಕ್ ಹದಿನೈದು ನಿಮಿಷ ನಿಂತಲ್ಲೇ ಉರಿಯುತ್ತಿರುತ್ತದೆ. ನಿಂತಲ್ಲೇ ಓಡುವ ಇಂಜಿನ್ ಅದರ ಗಾತ್ರ ನೋಡಿಕೊಂಡು ಗಂಟೆಗೆ ಕಾಲು ಗ್ಯಾಲನ್‌ನಿಂದ ಅರ್ಧ ಗ್ಯಾಲನ್ ತನಕ ಕುಡಿಯುತ್ತದೆ. ಬಿಸಿ ಸೀಟಿನ ಸುಖ ಬಿಡಿ ಅಂತ ನಾನು ಹೇಳುತ್ತಿಲ್ಲ, ನಾನೂ ಬಿಡಲ್ಲ. ಆದರೆ ಜನವರಿಯಲ್ಲಿ 13 ಬಂತು, ಟ್ರಕ್ ಕೆಟ್ಟಿದೆ ಅಂತ ಸರ್ವಿಸ್‌ಗೆ ಒಯ್ಯುವವರನ್ನು ನೋಡಿದರೆ ಪಾಪ ಅನ್ನಿಸುತ್ತದೆ. ಏಪ್ರಿಲ್ ಬರಲಿ, ತಾನೇ ರಿಪೇರಿ ಆಗುತ್ತದೆ.

ಇನ್ನು ಇಂಜಿನ್‌ಗಳು. ಒಂದು ಕಾಲದಲ್ಲಿ ಫುಲ್ ಸೈಜ್ ಪಿಕಪ್ ಅಂದರೆ 15 ಅಂತ ಎಲ್ಲರೂ ಒಪ್ಪಿಕೊಂಡಿದ್ದರು. 5.7 ಲೀಟರ್‌ನ ಹಳೆಯ ಟೊಯೋಟಾ ಟಂಡ್ರಾ, ಫೋರ್ ವೀಲ್ ಡ್ರೈವ್‌ದು, ಸ್ಟಿಕರ್‌ನಲ್ಲೇ 13 ಮತ್ತು 17. ಅದನ್ನು ಇಟ್ಟುಕೊಂಡವರು ಮೈಲೇಜ್ ಬಗ್ಗೆ ಮಾತೇ ಆಡುವುದಿಲ್ಲ, ಮೂರು ಲಕ್ಷ ಮೈಲಿ ಓಡಿದರೂ ಏನೂ ಆಗಿಲ್ಲ ಅಂತ ಅದರ ಬಗ್ಗೆ ಮಾತಾಡುತ್ತಾರೆ. ಅದೂ ಒಂದು ಲೆಕ್ಕವೇ. ಆಮೇಲೆ ಎಲ್ಲರೂ ತೂಕ ಇಳಿಸೋಕೆ, ಗೇರ್ ಜಾಸ್ತಿ ಮಾಡೋಕೆ ಶುರು ಮಾಡಿದರು. 2015ರಲ್ಲಿ ಎಫ್-150 ಅಲ್ಯೂಮಿನಿಯಂ ಮೈ ಹೊದ್ದು ಬಂದಾಗ 700 ಪೌಂಡ್ ತನಕ ಇಳಿಯಿತು. ಫೋರ್ಡ್, ಜಿಎಂ ಎರಡೂ ಸೇರಿ 10 ಗೇರ್‌ನ ಆಟೋಮ್ಯಾಟಿಕ್ ಮಾಡಿದವು. ಕೆಲಸ ಇಲ್ಲದಾಗ ಕೆಲವು ಸಿಲಿಂಡರ್ ಮಲಗಿಸುವ ವಿ8ಗಳು ಬಂದವು.

ಟರ್ಬೊ ಬಗ್ಗೆ ನನ್ನ ಅಭಿಪ್ರಾಯ ಸರಳ. ಎಫ್-150ರ 2.7 ಲೀಟರ್ ಇಕೋಬೂಸ್ಟ್ (ಫೋರ್ಡ್‌ನ ಟರ್ಬೊ ವಿ6), ಟೂ ವೀಲ್ ಡ್ರೈವ್ ಆದರೆ 2021ರ ಮಾಡೆಲ್‌ನ ಸ್ಟಿಕರ್‌ನಲ್ಲಿ ಸಿಟಿ 20, ಹೈವೇ 26. ಖಾಲಿ ಟ್ರಕ್, ಸಮಾಧಾನದ ಕಾಲು ಇದ್ದರೆ ಅದು ಬರುತ್ತದೆ. ಭಾರ ಹೇರಿ, ಗುಡ್ಡ ಹತ್ತಿಸಿ, ಟರ್ಬೊ ಪೂರ್ತಿ ಊದೋಕೆ ಶುರು ಮಾಡಿದರೆ ಸಣ್ಣ ಇಂಜಿನ್‌ನ ಲಾಭ ಮಾಯ. ಒಂದು ಕೆಲಸಕ್ಕೆ ಇಷ್ಟು ಶಕ್ತಿ ಬೇಕು ಅಂದರೆ ಬೇಕು, ಅದು ಆರು ಸಿಲಿಂಡರ್‌ನಿಂದ ಬಂದರೂ ಎಂಟರಿಂದ ಬಂದರೂ ಪೆಟ್ರೋಲ್ ಸುಡಲೇಬೇಕು. ವಿ8ನಲ್ಲಿ ಒಳ್ಳೆಯ ದಿನಕ್ಕೂ ಕೆಟ್ಟ ದಿನಕ್ಕೂ ಇರುವ ಅಂತರ ಸ್ವಲ್ಪ ಕಡಿಮೆ, ಅಷ್ಟೇ.

ಹೈಬ್ರಿಡ್ ಬೇರೆ ರೀತಿಯದು. ಎಫ್-150 ಹೈಬ್ರಿಡ್ 2021ರಲ್ಲಿ ಬಂದಾಗ ಫೋರ್ ವೀಲ್ ಡ್ರೈವ್‌ಗೆ ಸಿಟಿ 24, ಹೈವೇಯೂ 24. ಈ ಎರಡು ನಂಬರ್ ಪಕ್ಕಪಕ್ಕ ನೋಡಿದರೆ ಸಾಕು, ಆ ಟ್ರಕ್ ಯಾರಿಗೆ ಅಂತ ಗೊತ್ತಾಗುತ್ತದೆ. ಬ್ರೇಕ್ ಹಾಕಿದಾಗ ಹೋಗುವ ಶಕ್ತಿಯನ್ನು ಹಿಡಿದಿಟ್ಟುಕೊಳ್ಳುವುದು ಹೈಬ್ರಿಡ್‌ನ ಮುಖ್ಯ ಕೆಲಸ. ಸಿಗ್ನಲ್‌ಗಳ ಮಧ್ಯೆ ದಿನ ಕಳೆಯುವವರಿಗೆ ಅದು ಲಾಭ. ಹೈವೇಯಲ್ಲಿ ಬ್ರೇಕ್ ಯಾರು ಹಾಕುತ್ತಾರೆ? ದಿನಾ ಇಂಟರ್‌ಸ್ಟೇಟ್‌ನಲ್ಲಿ 75ರಲ್ಲಿ ಹೋಗುವವನು ಹೈಬ್ರಿಡ್ ಕೊಂಡು ಮೈಲೇಜ್ ಬರಲಿಲ್ಲ ಅಂದರೆ ಅದು ಟ್ರಕ್‌ನ ತಪ್ಪಲ್ಲ.

ಟ್ರೈಲರ್ ಎಳೆಯುವಾಗ ಮಾತ್ರ ಮೇಲೆ ಹೇಳಿದ್ದೆಲ್ಲ ಮರೆತುಬಿಡಿ. ಸ್ಟಿಕರ್‌ನಲ್ಲಿ ಟ್ರೈಲರ್‌ಗೆ ಜಾಗವೇ ಇಲ್ಲ, ಎಳೆಯುವ ಸಾಮರ್ಥ್ಯ ಎಷ್ಟು ಸಾವಿರ ಪೌಂಡ್ ಅಂತ ಜಾಹೀರಾತಿನಲ್ಲಿ ದೊಡ್ಡದಾಗಿ ಬರೆಯುತ್ತಾರೆ, ಎಳೆಯುವಾಗ ಮೈಲೇಜ್ ಎಷ್ಟು ಅಂತ ಯಾರೂ ಬರೆಯುವುದಿಲ್ಲ. ನನ್ನದರಲ್ಲಿ ಟ್ರಾವೆಲ್ ಟ್ರೈಲರ್ (ಎಳೆದುಕೊಂಡು ಹೋಗುವ ಪ್ರವಾಸದ ಮನೆ) ಕಟ್ಟಿದಾಗ 9, ಗಾಳಿ ಚೆನ್ನಾಗಿದ್ದರೆ 10. ಇಲ್ಲಿಯೂ ತೂಕಕ್ಕಿಂತ ಆಕಾರವೇ ಮುಖ್ಯ. ತಗ್ಗಾದ ಟ್ರೈಲರ್ ಮೇಲೆ ಕಬ್ಬಿಣ ಹೇರಿದರೆ, ಅಥವಾ ದೋಣಿ ಎಳೆದರೆ, ಅಷ್ಟೇ ತೂಕದ ಟ್ರಾವೆಲ್ ಟ್ರೈಲರ್‌ಗಿಂತ ಎಷ್ಟೋ ಚೆನ್ನಾಗಿ ಮೈಲೇಜ್ ಬರುತ್ತದೆ. ಎಂಟು ಅಡಿ ಅಗಲ, ಹತ್ತು ಅಡಿ ಎತ್ತರದ ಚಪ್ಪಟೆ ಗೋಡೆ ಟ್ರಕ್‌ನ ತಲೆ ಮೇಲಿಂದ ಇಣುಕುತ್ತಿರುತ್ತದಲ್ಲ, ಅದು ಖಾಲಿ ಇದ್ದರೂ ಗಾಳಿಗೆ ಒಂದೇ. ಹಾಗಾಗಿ "ನಮ್ಮದು ಹಗುರ ಟ್ರೈಲರ್" ಅನ್ನುವವರಿಗೂ ಅದೇ 9, 10. ಟರ್ಬೊ, ವಿ8 ಎರಡೂ ಇಲ್ಲಿಗೆ ಬಂದಾಗ ಹೆಚ್ಚುಕಡಿಮೆ ಒಂದೇ ನಂಬರ್‌ಗೆ ಬಂದು ನಿಲ್ಲುತ್ತವೆ.

ಎಳೆಯುವ ಯೋಚನೆ ಇದ್ದರೆ ಇಂಜಿನ್‌ಗಿಂತ ಮೊದಲು ಟ್ಯಾಂಕ್ ಎಷ್ಟು ದೊಡ್ಡದು ನೋಡಿ. ಎಫ್-150ಗೆ 23 ಗ್ಯಾಲನ್‌ನದೂ ಇದೆ, 36 ಗ್ಯಾಲನ್‌ನದೂ ಇದೆ. 9 ಎಂಪಿಜಿಯಲ್ಲಿ 23 ಗ್ಯಾಲನ್ ಅಂದರೆ 207 ಮೈಲಿ, ಅದರಲ್ಲಿ ಕೊನೆಯ ಮೂವತ್ತು ನಲವತ್ತು ಮೈಲಿಯನ್ನು ಯಾರೂ ನಂಬಿಕೊಂಡು ಓಡಿಸುವುದಿಲ್ಲ. ಎರಡೂವರೆ ಗಂಟೆಗೊಮ್ಮೆ ಬಂಕ್ ಹುಡುಕಬೇಕು, ಅದೂ ಟ್ರೈಲರ್ ತಿರುಗಿಸೋಕೆ ಜಾಗ ಇರುವ ಬಂಕ್. 36ರ ಟ್ಯಾಂಕ್ ಇದ್ದರೆ 324. ರಜೆಯ ಪ್ರವಾಸ ಸುಖವಾಗಿರುತ್ತದಾ ಇಲ್ಲವಾ ಅನ್ನೋದನ್ನು ಈ ಒಂದು ಆಯ್ಕೆ ತೀರ್ಮಾನ ಮಾಡುತ್ತದೆ. ಮತ್ತೆ 65 ದಾಟಬೇಡಿ. ಎಷ್ಟೋ ಟ್ರೈಲರ್ ಟೈರ್‌ಗಳ ಮಿತಿಯೇ ಅಷ್ಟು.

ಡ್ಯಾಶ್‌ಬೋರ್ಡ್ ತೋರಿಸುವ ಮೈಲೇಜ್ ಸಾಮಾನ್ಯವಾಗಿ ಸ್ವಲ್ಪ ಉದಾರ. ಟ್ಯಾಂಕ್ ತುಂಬಿಸಿ, ಓಡಿಸಿ, ಮತ್ತೆ ತುಂಬಿಸಿ, ಮೈಲಿಯನ್ನು ಗ್ಯಾಲನ್‌ನಿಂದ ಭಾಗಿಸುವುದೇ ಸರಿ. ಆದರೆ ಒಂದು ಟ್ಯಾಂಕ್ ಲೆಕ್ಕ ನಂಬಬೇಡಿ, ಪಂಪ್ ಎಲ್ಲಿ ಕಟ್ ಆಗುತ್ತದೆ ಅನ್ನುವುದರಲ್ಲೇ ಒಂದು ಗ್ಯಾಲನ್ ಆಚೆ ಈಚೆ ಆಗಬಹುದು. ಹಲವು ಟ್ಯಾಂಕ್‌ಗಳ ಒಟ್ಟು ಮೈಲಿ, ಒಟ್ಟು ಗ್ಯಾಲನ್ ತೆಗೆದುಕೊಳ್ಳಿ. ಪ್ರತಿ ಟ್ಯಾಂಕ್‌ನ ಎಂಪಿಜಿ ಕೂಡಿಸಿ ಸರಾಸರಿ ತೆಗೆಯುವವರಿದ್ದಾರೆ, ಆ ಲೆಕ್ಕ ತಪ್ಪು.

ಎಂಪಿಜಿ ಅನ್ನುವ ಅಳತೆಯೇ ಟ್ರಕ್‌ನವರಿಗೆ ದಾರಿ ತಪ್ಪಿಸುತ್ತದೆ. 2008ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ಇಬ್ಬರು ಪ್ರಾಧ್ಯಾಪಕರು ಇದನ್ನು ಚೆನ್ನಾಗಿ ತೋರಿಸಿದ್ದರು. ವರ್ಷಕ್ಕೆ 15,000 ಮೈಲಿ ಅಂದುಕೊಳ್ಳಿ. 14 ಕೊಡುವ ಟ್ರಕ್ ಬಿಟ್ಟು 17 ಕೊಡುವುದನ್ನು ತೆಗೆದುಕೊಂಡರೆ ಉಳಿಯುವುದು 189 ಗ್ಯಾಲನ್. 30 ಕೊಡುವ ಕಾರ್ ಬಿಟ್ಟು 40ರದ್ದು ತೆಗೆದುಕೊಂಡವನಿಗೆ ಉಳಿಯುವುದು 125. ಅವನು ಎಲ್ಲರ ಮುಂದೆ ಹೇಳಿಕೊಳ್ಳುತ್ತಾನೆ, ನೀವು 3 ಎಂಪಿಜಿಗೆ ಏನು ಹೇಳೋದು ಅಂತ ಸುಮ್ಮನಿರುತ್ತೀರಿ. ಈಗಿನ ಸ್ಟಿಕರ್‌ನಲ್ಲಿ 100 ಮೈಲಿಗೆ ಎಷ್ಟು ಗ್ಯಾಲನ್ ಅಂತ ಸಣ್ಣ ಅಕ್ಷರದಲ್ಲಿ ಇರುತ್ತದೆ. ಟ್ರಕ್ ಕೊಳ್ಳುವವರು ಮೊದಲು ಓದಬೇಕಾದದ್ದು ಅದನ್ನು.

ಡೀಸೆಲ್ ತಗೊಳ್ಳಲಾ ಅಂತ ಕೇಳುವವರಿಗೂ ಇದೇ ಲೆಕ್ಕ. ಷೆವಿ ಸಿಲ್ವೆರಾಡೊದ 3.0 ಲೀಟರ್ ಡುರಾಮ್ಯಾಕ್ಸ್ 2020ರಲ್ಲಿ ಟೂ ವೀಲ್ ಡ್ರೈವ್‌ನಲ್ಲಿ 23, 33, ಎರಡೂ ಸೇರಿ 27 ಅಂತ ಬಂತು. ಪಿಕಪ್‌ಗೆ 33! ದೂರದ ಹೈವೇ ಓಡಾಟ ಇರುವವರಿಗೆ ನಿಜಕ್ಕೂ ಒಳ್ಳೆಯ ಇಂಜಿನ್. ಆದರೆ ಡೀಸೆಲ್‌ನ ಒಂದು ಗ್ಯಾಲನ್‌ನಲ್ಲೇ ಪೆಟ್ರೋಲ್‌ಗಿಂತ ಶಕ್ತಿ ಜಾಸ್ತಿ, ಬೆಲೆಯೂ ಸಾಮಾನ್ಯವಾಗಿ ಜಾಸ್ತಿ. ಒಟ್ಟು 22 ಕೊಡುವ 2.7 ಇಕೋಬೂಸ್ಟ್ ಪಕ್ಕ ಇಟ್ಟರೆ 27 ಅಂದರೆ ಶೇ. 23 ಮುಂದೆ. ನಿಮ್ಮ ಬಂಕ್‌ನಲ್ಲಿ ಡೀಸೆಲ್ ಬೆಲೆ ಪೆಟ್ರೋಲ್‌ಗಿಂತ ಶೇ. 23 ಜಾಸ್ತಿ ಇದ್ದರೆ ಅಲ್ಲಿಗೆ ಸರಿಸಮ, ಡೆಫ್ (ಡೀಸೆಲ್ ಹೊಗೆ ಶುದ್ಧ ಮಾಡೋಕೆ ಹಾಕುವ ದ್ರವ) ಖರ್ಚು, ಫಿಲ್ಟರ್ ಖರ್ಚು ಬೇರೆ. ಫೋರ್ಡ್ ತನ್ನ ಎಫ್-150 ಡೀಸೆಲ್ ಅನ್ನು 2021ರಲ್ಲಿ ನಿಲ್ಲಿಸಿತು, ರ‍್ಯಾಮ್ 1500ರ ಇಕೋಡೀಸೆಲ್ 2023ರ ಶುರುವಿನಲ್ಲಿ ನಿಂತಿತು.

ಕೊನೆಗೆ ಎಫ್-250, ಸಿಲ್ವೆರಾಡೊ 2500, ರ‍್ಯಾಮ್ 2500 ನೋಡುತ್ತಿರುವವರಿಗೆ: ಆ ಗಾಡಿಗಳ ಕಿಟಕಿಯಲ್ಲಿ ಮೈಲೇಜ್ ಹುಡುಕಬೇಡಿ, ಇರುವುದಿಲ್ಲ. ಭಾರ ಸೇರಿ ಒಟ್ಟು ತೂಕದ ಮಿತಿ 8,500 ಪೌಂಡ್ ದಾಟಿದ ಪಿಕಪ್‌ಗೆ ಆ ಸ್ಟಿಕರ್ ಬೇಕಿಲ್ಲ ಅಂತ ನಿಯಮ. ಅವನ್ನು ಓಡಿಸುವವರನ್ನೇ ಕೇಳಬೇಕು. ಕೇಳುವಾಗ ಎಷ್ಟು ಕೊಡುತ್ತೆ ಅನ್ನಬೇಡಿ, 100 ಮೈಲಿಗೆ ಎಷ್ಟು ಗ್ಯಾಲನ್ ಹಾಕಿಸ್ತೀರಿ, ಎಷ್ಟು ಸ್ಪೀಡಲ್ಲಿ, ಹಿಂದೆ ಏನಿತ್ತು ಅಂತ ಕೇಳಿ.